ಮುನ್ನೂರ ಒಂಬತ್ತನೆಯವಳು

ಅಕ್ಕ ಉಳಿದುಹೋದ ವರ್ಷ ನಮ್ಮ ಊರಿನಲ್ಲಿ ಮುನ್ನೂರ ಒಂಬತ್ತು ಜನರಿದ್ದೆವು. ವಠಾರಗಳು ಏಳು. ಮೊದಲಿನಿಂದಲೂ ಏಳೇ. ಚೌಕದಲ್ಲಿ ಒಂದು ಉದ್ದನೆಯ ಕಪ್ಪು ಗೋಡೆ ಇದೆ. ವರ್ಷಕ್ಕೊಮ್ಮೆ, ಭಾಗದ ದಿನ, ಊರಿನ ಜನರ ಸಂಖ್ಯೆಯನ್ನು ಏಳರಿಂದ ಭಾಗಿಸಿ ಆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬರೆದದ್ದು ಹೊಸ್ತಿಲುಗಳಿಗೆ ಗೊತ್ತಾಗುತ್ತದೆ. ಭಾಗಲಬ್ಧ ಎಷ್ಟು ಬಂದಿದೆಯೋ ಅಷ್ಟು ಜನರನ್ನು ಪ್ರತಿ ವಠಾರದ ಹೊಸ್ತಿಲು ಒಳಗೆ ಬಿಡುತ್ತದೆ. ಅದರ ಮೇಲೆ ಒಬ್ಬರು ಹೆಚ್ಚಾದರೂ ಅವರ ಕಾಲು ಹೊಸ್ತಿಲ ಮೇಲೆಯೇ ನಿಂತುಬಿಡುತ್ತದೆ, ನೀರಿನಲ್ಲಿ ನಡೆದು ನಡೆದು ಸೋತವರ ಕಾಲಿನ ಹಾಗೆ. ಶೇಷವಾಗಿ ಉಳಿದವರು ಮುಂದಿನ ಭಾಗದ ದಿನದವರೆಗೆ ಕೆರೆ ಏರಿಯ ಮೇಲಿರುವ ಒಂಟಿ ಮನೆಯಲ್ಲಿ ಇರಬೇಕು.

ಏರಿಮನೆ ಎಂದರೆ ನಮಗೆ ಯಾರಿಗೂ ಅಂಥ ಭಯವಿರಲಿಲ್ಲ. ಯಾವಾಗಲೂ ಮೂವರೋ ಐವರೋ ಉಳಿಯುತ್ತಿದ್ದರು. ಇಸ್ಪೀಟು ಆಡುತ್ತಿದ್ದರು, ಜಗಳವಾಡುತ್ತಿದ್ದರು, ವರ್ಷ ಮುಗಿದಾಗ ಸ್ವಲ್ಪ ದಪ್ಪಗಾಗಿ ವಾಪಸು ಬರುತ್ತಿದ್ದರು. ಶೇಷ ಒಂದೇ ಬಂದದ್ದು ಹಿಂದೆ ಯಾವಾಗಲೋ ಒಮ್ಮೆ. ಆಗ ಉಳಿದಿದ್ದವನು ಒಬ್ಬ ಬಡಗಿಯಂತೆ. ವರ್ಷದ ಕೊನೆಗೆ ಕರೆದುಕೊಂಡು ಬರಲು ಹೋದವರಿಗೆ ಅವನು ತನ್ನ ಹೆಸರು ಹೇಳಲಿಲ್ಲವಂತೆ. ಹೇಳಲು ಒಪ್ಪದೆ ಅಲ್ಲ, ಗೊತ್ತಿಲ್ಲದೆ. ನಮ್ಮೂರಿನಲ್ಲಿ ಒಬ್ಬರೇ ಇರುವುದನ್ನು ಯಾರೂ ಯಾರಿಗೂ ಕಲಿಸಿಲ್ಲ. ವಠಾರದ ಗೋಡೆಗಳು ತೆಳು. ಪಕ್ಕದವರು ಮಗ್ಗುಲು ಬದಲಿಸಿದರೆ ನಮಗೆ ಎಚ್ಚರವಾಗುತ್ತದೆ, ಅದು ಕೇಳಿಸದಿದ್ದರೆ ನಿದ್ದೆ ಬರುವುದಿಲ್ಲ.

ಭಾಗದ ದಿನ ಪ್ರತಿ ವಠಾರದವರೂ ಚೌಕದಲ್ಲಿ ತಮ್ಮ ತಮ್ಮ ಸಾಲು ಕಟ್ಟಿ ನಿಲ್ಲುತ್ತಾರೆ. ಮೊದಲು ಬಂದವರು ಮುಂದೆ, ಕೊನೆಗೆ ಬಂದವರು ಹಿಂದೆ. ಉಳಿದ ಆರು ಸಾಲಿನಲ್ಲಿ ನಲವತ್ತನಾಲ್ಕು ಜನರಿದ್ದರೆ, ಆ ವರ್ಷ ಎರಡು ಹೆರಿಗೆಯಾಗಿದ್ದ ನಮ್ಮ ಮೂರನೆಯ ವಠಾರದ ಸಾಲಿನಲ್ಲಿ ನಲವತ್ತೈದು ಜನ. ವಾರಿಜಕ್ಕ ಹೊಲಿಗೆಯವಳು. ಹಬ್ಬಕ್ಕೋ ಭಾಗದ ದಿನಕ್ಕೋ ಕೊನೆಯ ಗಳಿಗೆಯಲ್ಲಿ ರವಿಕೆ ತಂದು ಕೊಡುವ ಹೆಂಗಸರು ಎಲ್ಲ ಊರಿನಲ್ಲೂ ಇರುತ್ತಾರೆ. "ನೀನು ನಡಿ ಚಂಪಿ, ಎರಡು ಹುಕ್ಕು ಹಾಕಿ ಬಂದೆ" ಎಂದಳು ಅಕ್ಕ. ನಾನು ಹೋಗಿ ಸಾಲಿನ ತುದಿಯಲ್ಲಿ ನಿಂತೆ. ಅವಳು ಬಂದು ನನ್ನ ಹಿಂದೆ ನಿಂತಳು. ಶ್ರೀಕಂಠ ಮೇಷ್ಟ್ರು ಗೋಡೆಯ ಮೇಲೆ ಏಳು ನಾಲ್ಕಲಿ ಇಪ್ಪತ್ತೆಂಟು ಎಂದು ಬರೆದು, ಕಳೆದು, ಇಳಿಸಿ, ಮತ್ತೆ ಏಳು ನಾಲ್ಕಲಿ ಇಪ್ಪತ್ತೆಂಟು ಎಂದು ಬರೆದರು. ಕೆಳಗೆ ಒಂದು ಉಳಿಯಿತು. ಅದನ್ನು ಬರೆಯುವಾಗ ಅವರ ಸೀಮೆಸುಣ್ಣ ಮುರಿಯಿತು.

"ನೋಡಿದ್ಯೇನೆ, ಮೂರು ತಿಂಗಳ ಕೂಸು ಇಡೀ ಒಂದು. ಆ ಕೂಸಿಗೆ ಕುಲಾವಿ ಹೊಲಿದವಳು ಹೊರಗೆ" ಎಂದರು ಪುಟ್ಟಗೌರಮ್ಮ. ನಮ್ಮ ವಠಾರಕ್ಕೆ ಹಿರಿಯರು ಅವರೇ. ಬೇಜಾರಿನಲ್ಲೇ ಹೇಳಿದ್ದು, ಆದರೂ ಸುತ್ತ ಇದ್ದವರು ನಕ್ಕರು. ಅಕ್ಕನೂ ನಕ್ಕಳು.

ಹೊಲಿಗೆ ಮಿಷನ್ನನ್ನು ಕೈಗಾಡಿಯಲ್ಲಿ ಏರಿಮನೆಗೆ ಸಾಗಿಸಿದೆವು. ನಾನು ದಿನಾ ಊಟ ಒಯ್ಯುತ್ತಿದ್ದೆ. ಅವಳ ಕಾಲು ನಮ್ಮ ಹೊಸ್ತಿಲಲ್ಲಿ ನಿಲ್ಲುವ ಹಾಗೆಯೇ ನನ್ನ ಕಾಲು ಅವಳ ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ತಟ್ಟೆಯನ್ನು ಒಳಕ್ಕೆ ಸರಿಸಿ ಹೊರಗೆ ಕಲ್ಲಿನ ಮೇಲೆ ಕೂರುತ್ತಿದ್ದೆ. ಮೊದಮೊದಲು ಅವಳು ವಠಾರದ ಸುದ್ದಿ ಕೇಳುತ್ತಿದ್ದಳು. ಯಾರ ಮನೆಯಲ್ಲಿ ಏನು ಒಗ್ಗರಣೆ, ನಲ್ಲಿಯ ಹತ್ತಿರ ಯಾರು ಯಾರಿಗೆ ಏನೆಂದರು. "ಇಲ್ಲಿ ಯಾರೂ ಕೆಮ್ಮೋದೇ ಇಲ್ಲ ಚಂಪಿ" ಎನ್ನುತ್ತಿದ್ದಳು. ಆಮೇಲೆ ಕೇಳುವುದು ಕಡಿಮೆಯಾಯಿತು. ಒಂದು ದಿನ "ನಿನ್ನೆ ನಾನು ಮಾತಾಡಿದ್ನಾ?" ಎಂದಳು. ಆಡಿದ್ದೆ ಎಂದೆ. "ಮತ್ತೆ ನಂಗ್ಯಾಕೆ ಕೇಳಿಸಲಿಲ್ಲ" ಎಂದಳು. ಇನ್ನೊಂದು ದಿನ ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಸೂಜಿಗೆ ದಾರ ಪೋಣಿಸುವವಳಂತೆ ಕಣ್ಣು ಕಿರಿದು ಮಾಡಿ, "ಚಂಪಾ, ಅಲ್ವಾ?" ಎಂದಳು. ಭಾಗದ ದಿನ ಕಳೆದು ಇನ್ನೂ ಅರ್ಧ ವರ್ಷವೂ ಆಗಿರಲಿಲ್ಲ.

ನಾನು ನೆಟ್ಟಗೆ ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಎರಡನೆಯ ವಠಾರದವರು, ಮದುವೆಯಾಗಿರಲಿಲ್ಲ. ಅವರು ಅಕ್ಕನ ಹತ್ತಿರ ಹೊಲಿಸುತ್ತಿದ್ದ ಅಂಗಿಗಳನ್ನು ನಮ್ಮ ವಠಾರವೆಲ್ಲ ಎಣಿಸುತ್ತಿತ್ತು. "ಮೇಷ್ಟ್ರೇ, ಹಾಕ್ಕೊಳ್ಳೋಕೆ ಎರಡೇ ತೋಳು, ಇಷ್ಟೊಂದು ಅಂಗಿ ಯಾಕೆ" ಎಂದು ಪುಟ್ಟಗೌರಮ್ಮ ಕೇಳಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಶೇಷ ಅಂತ ಬರೆದು ಎದ್ದು ಹೋಗೋದು ಸಣ್ಣ ತರಗತಿಯವರ ಲೆಕ್ಕ. ದೊಡ್ಡ ತರಗತಿಯಲ್ಲಿ ಹಾಗೆ ಬಿಡೋದಿಲ್ಲ. ಚುಕ್ಕೆ ಇಟ್ಟು, ಸೊನ್ನೆ ಇಳಿಸಿ, ಮುಂದುವರಿಸ್ತೀವಿ. ನಮ್ಮ ಗೋಡೆಯ ಲೆಕ್ಕ ಮುಗಿದೇ ಇಲ್ಲ."

ಏಳೂ ವಠಾರದ ಹಿರಿಯರು ಚೌಕದಲ್ಲಿ ಸೇರಿದರು. "ಹೊಸ ಲೆಕ್ಕ ಅಲ್ಲ, ಇದ್ದ ಲೆಕ್ಕವನ್ನೇ ಮುಂದುವರಿಸೋದು" ಎಂದು ಮೇಷ್ಟ್ರು ಬಿಡಿಸಿ ಹೇಳಿದರು. "ಅಂದ್ರೆ ಹುಡುಗಿ ಎಲ್ಲರಿಗೂ ಒಂದೊಂದು ಚೂರು ಬರ್ತಾಳೆ ಅನ್ನಿ" ಎಂದು ಐದನೆಯ ವಠಾರದ ಕಾಸಿಂ ಸಾಬರು ಕೇಳಿದರು. ಅವರು ಸೈಕಲ್ ರಿಪೇರಿಯವರು, ಅಂಗಡಿ ಮುಚ್ಚಿ ಬರುವುದು ಯಾವಾಗಲೂ ತಡ. ಚೂರಲ್ಲ, ಪಾಲು ಎಂದರು ಮೇಷ್ಟ್ರು. ಯಾರ ಜಾಗವೂ ಹೋಗುವುದಿಲ್ಲ ಎಂದು ಖಾತರಿಯಾದ ಮೇಲೆ ಹಿರಿಯರು ಒಪ್ಪಿದರು. ಮೇಷ್ಟ್ರು ನಲವತ್ತನಾಲ್ಕರ ಮುಂದೆ ಚುಕ್ಕೆ ಇಟ್ಟರು. ಒಂದರ ಪಕ್ಕ ಸೊನ್ನೆ ಇಳಿಸಿ ಹತ್ತು ಮಾಡಿದರು. ಏಳು ಒಂದಲಿ ಏಳು, ಉಳಿದದ್ದು ಮೂರು.

ಮರುದಿನ ಬೆಳಿಗ್ಗೆ ಅಕ್ಕ ನಮ್ಮ ಕೋಣೆಯ ಕಿಟಕಿಯ ಹತ್ತಿರ ಕೂತಿದ್ದಳು. ಒಗೆದು ಒಗೆದು ಬಣ್ಣ ಹೋದ ಸೀರೆಯ ಹಾಗೆ ಇದ್ದಳು, ಅವಳ ಹಿಂದಿನ ಗೋಡೆಯ ಬಿರುಕು ಅವಳೊಳಗಿಂದ ಕಾಣುತ್ತಿತ್ತು. ಕೈ ಹಿಡಿದರೆ ಬಿಸಿ ಕಾಫಿಯ ಲೋಟ ಇಟ್ಟು ಎತ್ತಿದ ಜಾಗವನ್ನು ಮುಟ್ಟಿದಂತಾಯಿತು. ಆದರೂ ಅವಳು ಒಳಗಿದ್ದಳು. ನಾನು ಅತ್ತೆ. ಅವಳು "ಯಾಕೆ" ಎಂದಳು. ಅಷ್ಟೇ ಹೇಳಿದಳು. ಉಳಿದ ಮಾತು ಬೇರೆ ವಠಾರಗಳಲ್ಲಿ ಬಂದಿತ್ತು. ನಾಲ್ಕನೆಯದರಲ್ಲಿ "ಅಳ್ತೀಯೇ", ಏಳನೆಯದರಲ್ಲಿ "ಹುಚ್ಚಿ". ಮಕ್ಕಳಿಗೆ ಅದೊಂದು ಆಟವಾಯಿತು. ವಠಾರದಿಂದ ವಠಾರಕ್ಕೆ ಓಡಿ ಅವಳ ಪದಗಳನ್ನು ಕೂಡಿಸಿಕೊಂಡು ಬಂದು ನನ್ನೆದುರು ಒಪ್ಪಿಸುತ್ತಿದ್ದವು. ಹೇಗೆ ಕೂಡಿಸಿದರೂ ಹತ್ತು ಪದಗಳಲ್ಲಿ ಮೂರು ಪದಗಳ ಜಾಗ ಖಾಲಿ ಉಳಿಯುತ್ತಿತ್ತು. ಅವನ್ನು ಅವಳು ಏರಿಮನೆಯಲ್ಲಿ ಆಡುತ್ತಿದ್ದಳು, ಕೇಳುವವರಿಲ್ಲದೆ.

ಊರು ಹೊಂದಿಕೊಂಡಿತು. ರವಿಕೆ ಹೊಲಿಸುವವರು ಬೆನ್ನನ್ನು ನಮ್ಮಲ್ಲಿ ಕೊಟ್ಟು ತೋಳನ್ನು ಆರನೆಯ ವಠಾರದಲ್ಲಿ ಇಸಿದುಕೊಂಡರು. ಒಂದು ಕಡೆಯ ವಾರಿಜಾ ಅಳತೆಗೆ ಬಿಗಿ, ಇನ್ನೊಂದು ಕಡೆಯವಳು ಸಡಿಲ. "ನಿಮ್ಮ ವಾರಿಜಾ ಪರವಾಗಿಲ್ಲ, ನಮ್ಮವಳಿಗೆ ಕುತ್ತಿಗೆ ಇಳಿಸೋಕೆ ಬರಲ್ಲ" ಎಂದು ಹೆಂಗಸರು ನಲ್ಲಿಯ ಹತ್ತಿರ ಮಾತಾಡುತ್ತಿದ್ದರು. ಮೇಷ್ಟ್ರು ದಿನವೂ ಶಾಲೆ ಬಿಟ್ಟ ಮೇಲೆ ಬಂದು ಇನ್ನೊಂದು ಸೊನ್ನೆ ಇಳಿಸುತ್ತಿದ್ದರು. ಮೂವತ್ತರಲ್ಲಿ ಏಳು ನಾಲ್ಕು ಸಲ, ಉಳಿದದ್ದು ಎರಡು. ಅಂದು ಅಕ್ಕ ಸ್ವಲ್ಪ ಗಟ್ಟಿಯಾದಳು, ಗೋಡೆಯ ಬಿರುಕು ಮಸುಕಾಯಿತು. ಇಪ್ಪತ್ತರಲ್ಲಿ ಎರಡು ಸಲ, ಉಳಿದದ್ದು ಆರು. ಆಮೇಲಿನ ಅಂಕಿಗಳಿಂದ ನಮಗೆ ಕಾಣುವ ಹಾಗೆ ಏನೂ ಆಗಲಿಲ್ಲ. ಎಂಟು ಬಂತು, ಐದು ಬಂತು, ಏಳು ಬಂತು. ಅಕ್ಕ ಇದ್ದಷ್ಟೇ ಇದ್ದಳು.

ಏಳು ಬಂದ ದಿನ ನಾನು ಗೋಡೆಯ ಹತ್ತಿರವೇ ನಿಂತಿದ್ದೆ. ಐವತ್ತರಲ್ಲಿ ನಲವತ್ತೊಂಬತ್ತು ಕಳೆದು ಮೇಷ್ಟ್ರು ಕೆಳಗೆ ಒಂದು ಎಂದು ಬರೆದರು. ಬರೆದು, ಅದನ್ನೇ ನೋಡುತ್ತ ನಿಂತರು. ಹಿಂದೆ ಕೂತಿದ್ದ ಮಕ್ಕಳು ಬೇಗ ಹಿಡಿದುಬಿಟ್ಟರು. "ಮೇಷ್ಟ್ರೇ, ಇನ್ನು ಮತ್ತೆ ಒಂದು, ನಾಲ್ಕು, ಎರಡು" ಎಂದು ಹಾಡಲು ಶುರುಮಾಡಿದರು.

"ಇದು ಮುಗಿಯಲ್ಲ ಅಲ್ವಾ?" ಎಂದೆ.

"ಎರಡರಿಂದ ಭಾಗಿಸಿದ್ರೆ ಮುಗಿಯುತ್ತೆ, ಐದರಿಂದ ಮುಗಿಯುತ್ತೆ. ಏಳರಿಂದ ಮುಗಿಯಲ್ಲ."

"ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು" ಎಂದರು. "ಶಾಲೆಯ ಹಲಗೆಯ ಮೇಲೆ ಗೊತ್ತಿತ್ತು."

ನಾನು ಏರಿಮನೆಗೆ ಹೋದೆ. ಈಗ ಊಟ ಒಯ್ಯುವ ಅಗತ್ಯವಿರಲಿಲ್ಲ, ಏಳೂ ಕಡೆ ಅವಳಿಗೆ ಬಡಿಸುತ್ತಿದ್ದರು. ಬಾಗಿಲಿನಿಂದ ನೋಡಿದರೆ ಒಳಗೆ ಯಾರೂ ಇಲ್ಲ. ಹೆಸರು ಹಿಡಿದು ಕರೆದೆ. ಮೂಲೆಯಲ್ಲಿ ನೊಣ ರೆಕ್ಕೆ ಬಡಿದಂಥ ಸದ್ದಾಯಿತು. ಕಿವಿಗೊಟ್ಟರೆ ಅದು ಅಕ್ಕನ ದನಿ, ಪೂರ್ತಿ ವಾಕ್ಯ, ಒಂದು ಪದವೂ ತಪ್ಪಿರಲಿಲ್ಲ. "ಎಲ್ಲರಿಗೂ ನಾನು ಸಿಕ್ಕಿದೀನಿ ಚಂಪಿ. ನಂಗೆ ಮಾತ್ರ ಸಿಕ್ಕಿಲ್ಲ. ಇಲ್ಲಿ ಮತ್ತೆ ಒಬ್ಬಳೇ." ಹತ್ತು ಲಕ್ಷದಲ್ಲಿ ಒಂದು ಪಾಲು ಅಲ್ಲಿತ್ತು. ನಡೆಯುತ್ತಿರುವುದೆಲ್ಲ ಗೊತ್ತಿದ್ದದ್ದು ಆ ಒಂದು ಪಾಲಿಗೆ.

ಮೇಷ್ಟ್ರು ಬರೆಯುವುದನ್ನು ನಿಲ್ಲಿಸಲಿಲ್ಲ. ಒಂದು ನಾಲ್ಕು ಎರಡು ಎಂಟು ಐದು ಏಳು, ಮತ್ತೆ ಒಂದು ನಾಲ್ಕು ಎರಡು. ಸಣ್ಣ ಅಕ್ಷರದಲ್ಲಿ, ಏಣಿ ಹತ್ತಿ, ಗೋಡೆಯ ಮೂಲೆಯ ಕಡೆಗೆ. ಶಾಲೆಗೆ ಹೋಗುವುದನ್ನೂ ಬಿಟ್ಟರು. ಊರಿಗೆ ಬೇಸರ ಬರತೊಡಗಿತು. ಮಸುಕಾದ ಹೆಂಗಸೊಬ್ಬಳು ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಒಂದೊಂದೇ ಪದ ಆಡುವುದು, ಹೊಲಿದ ರವಿಕೆ ಯಾರಿಗೂ ಹಿಡಿಸದಿರುವುದು. ಹಿರಿಯರು ಮತ್ತೆ ಸೇರಿದರು. ಈ ಸಲ ಪುಟ್ಟಗೌರಮ್ಮನವರೇ ಮಾತು ತೆಗೆದರು.

"ಗೋಡೆ ಮುಗಿದ ದಿನ ಲೆಕ್ಕವೂ ಮುಗೀಲಿ. ಅಂದಾಜಿಗೆ ನಲವತ್ನಾಲ್ಕು ಅಂತ ಬರೆದುಬಿಡಿ. ಚುಕ್ಕೆ ಆಚೆಯದು ಯಾರಿಗೆ ಬೇಕು?"

ಮೇಷ್ಟ್ರ ಮುಖ ಬಿಳುಚಿತು. "ಅಮ್ಮ, ಹಾಗೆ ಬರೆದರೆ ಶೇಷವೂ ಇರಲ್ಲ, ಪಾಲೂ ಇರಲ್ಲ. ಅವಳೇ ಇರಲ್ಲ."

"ಈಗ ಎಷ್ಟಿದಾಳೆ?" ಎಂದರು ಪುಟ್ಟಗೌರಮ್ಮ. ಅವರು ಕೆಟ್ಟವರಲ್ಲ. ಅಕ್ಕನಿಗೆ ಎಣ್ಣೆ ಹಾಕಿ ತಲೆ ಬಾಚಲು ಹೋಗಿ ಬಾಚಣಿಗೆ ಖಾಲಿ ಗಾಳಿಯಲ್ಲಿ ಆಡಿದ್ದನ್ನು ಕಂಡು ಒಳಗೆ ಹೋಗಿ ಕದ ಹಾಕಿಕೊಂಡವರು. "ಇದ್ದೂ ಇಲ್ಲದ ಹಾಗೆ ಇರೋದನ್ನ ನೋಡೋಕೆ ನನ್ನಿಂದ ಆಗಲ್ಲ ಚಂಪಾ. ನಿನ್ನಿಂದ ಆಗುತ್ತಾ?"

ನಾನು ಗೋಡೆಯ ಕಡೆ ನೋಡಿದೆ. ಗೋಡೆಯಲ್ಲಿ ಇನ್ನು ಉಳಿದಿದ್ದದ್ದು ಒಂದು ಮೊಳದಷ್ಟು ಜಾಗ.

ಚುಕ್ಕೆಯಿಂದಾಚೆ ಒರೆಸಿ ಮತ್ತೆ ಶೇಷ ಒಂದು ಎಂದು ಬಿಟ್ಟರೆ ಅಕ್ಕ ಇಡಿಯಾಗಿ ಸಿಗುತ್ತಾಳೆ, ಏರಿಮನೆಯಲ್ಲಿ, ಒಬ್ಬಳೇ, ಹೆಸರು ಮರೆಯಲು ಅರ್ಧ ವರ್ಷ ಬಾಕಿ ಇಟ್ಟುಕೊಂಡು. ಒರೆಸದೆ ಗೋಡೆ ತುಂಬಿ, ಹಿರಿಯರು ಅಂದಾಜು ಬರೆಸಿದರೆ ಇಲ್ಲವಾಗುತ್ತಾಳೆ. ನಾನು ಎರಡು ದಿನ ಇದನ್ನೇ ಯೋಚಿಸಿದೆ. ನನಗೆ ಭಾಗಾಕಾರ ಯಾವತ್ತೂ ಸರಿಯಾಗಿ ಬಂದದ್ದಿಲ್ಲ. ಹಳೆಯ ಮೇಷ್ಟ್ರು ಎಷ್ಟು ಸಲ ಹೋಗುತ್ತದೆ ಎಂದು ಕೇಳಿದರೆ, ಹೆಚ್ಚು ಹೇಳಿ ಸಿಕ್ಕಿಬೀಳುವುದು ಬೇಡವೆಂದು ಒಂದು ಸಲ ಕಡಿಮೆಯೇ ಹೇಳುತ್ತಿದ್ದೆ. ಆಗ ಕೆಳಗೆ ಉಳಿಯುವ ಸಂಖ್ಯೆ ಭಾಜಕಕ್ಕಿಂತ ದೊಡ್ಡದಾಗಿಬಿಡುತ್ತಿತ್ತು. "ಏಳರಿಂದ ಭಾಗಿಸಿ ಎಂಟು ಉಳಿಸಿದ್ದೀಯಲ್ಲ, ಆ ಎಂಟರಲ್ಲಿ ಇನ್ನೊಂದು ಏಳು ಇಲ್ಲವೇನೆ?" ಎಂದು ಅವರು ಬೆತ್ತ ಎತ್ತಿದ್ದು ನೆನಪಾದದ್ದು ಬಟ್ಟೆ ಒಣಹಾಕುತ್ತಿದ್ದಾಗ. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಚೌಕಕ್ಕೆ ನಡೆದೆ.

ಮಧ್ಯಾಹ್ನದ ಬಿಸಿಲು. ಊರು ಊಟ ಮಾಡಿ ಮಲಗಿತ್ತು. ಮೇಷ್ಟ್ರು ಏಣಿಯ ಬುಡದಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದರು, ಬೆರಳುಗಳೆಲ್ಲ ಬೆಳ್ಳಗಿದ್ದವು. ನಾನು ಚುಕ್ಕೆಯನ್ನೂ ಅದರಾಚೆಯ ಸಾಲನ್ನೂ ಒರೆಸಿದೆ. ಏಣಿ ಹತ್ತಿ ಮೂಲೆಯವರೆಗೂ ಒರೆಸಿದೆ. ನಲವತ್ತನಾಲ್ಕನ್ನೂ ಒರೆಸಿದೆ. ಅಲ್ಲಿ ನಲವತ್ತಮೂರು ಎಂದು ಬರೆದೆ. ಮುನ್ನೂರ ಒಂಬತ್ತರಲ್ಲಿ ಮುನ್ನೂರ ಒಂದು ಕಳೆದೆ. ಶೇಷ, ಎಂಟು.

ಆ ಎಂಟು ಯಾರು ಎಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು. ಅಕ್ಕ ಒಬ್ಬಳು. ಉಳಿದವರು ಪ್ರತಿ ಸಾಲಿನ ಕೊನೆಯವರು. ನಮ್ಮ ವಠಾರದಿಂದ ನಾನು. ಎರಡನೆಯದರಿಂದ ಮೇಷ್ಟ್ರು, ಗೋಡೆಯ ಮೇಲೆ ಬರೆದು ಮುಗಿಸಿ ಸಾಲಿಗೆ ಬರುವುದರಿಂದ ಅವರು ಯಾವಾಗಲೂ ಕೊನೆ. ಐದನೆಯದರಿಂದ ಕಾಸಿಂ ಸಾಬರು. ಮತ್ತೆ ನಾಲ್ವರು, ಅವರಲ್ಲೊಬ್ಬಳು ಹೋದ ತಿಂಗಳು ಮದುವೆಯಾದ ಹುಡುಗಿ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು.

ಸಂಜೆಯ ಹೊತ್ತಿಗೆ ಏಳು ಹೊಸ್ತಿಲುಗಳಲ್ಲಿ ಏಳು ಜನ ಒಂದು ಕಾಲು ಎತ್ತಿ ನಿಂತೇ ಇದ್ದರು. ಏರಿಯ ಮೇಲೆ ನಾವು ಸಾಲಾಗಿ ನಡೆದೆವು. ಮದುವೆಯಾದ ಹುಡುಗಿ ನಡುನಡುವೆ ನಿಂತು ಹಿಂದೆ ನೋಡುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಗಟ್ಟಿಯಾಗಿದ್ದಳು. ಬೆಳಕು ಅವಳನ್ನು ದಾಟದೆ ಅವಳ ನೆರಳು ಮೆಟ್ಟಿಲ ಮೇಲೆ ಬಿದ್ದಿತ್ತು. ನಾನು ಹೊಸ್ತಿಲು ದಾಟಿದೆ. ಕಾಲು ಸಲೀಸಾಗಿ ಒಳಗೆ ಹೋಯಿತು. ಅವಳ ಕೈ ಹಿಡಿದೆ, ಮೂಳೆಗಳಿದ್ದವು, ಹೊಲಿಗೆಯಿಂದ ಬೆರಳು ಒರಟಾದ ಜಾಗವಿತ್ತು. ಅಕ್ಕ ನನ್ನನ್ನು ನೋಡಿದಳು, ನನ್ನ ಹಿಂದಿದ್ದವರನ್ನು ನೋಡಿದಳು.

"ಇವರೆಲ್ಲ ಯಾಕೆ?"

"ನಿನಗೆ."

"ನಾನು ಕೇಳಿದ್ನಾ?" ಎಂದಳು. ಕೈ ಬಿಡಿಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಆ ರಾತ್ರಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಕಾಸಿಂ ಸಾಬರು ಕೆಮ್ಮಿದಾಗಲೆಲ್ಲ ಅವಳ ಉಸಿರು ನಿಧಾನವಾಗುವುದು ನನಗೆ ಕೇಳಿಸಿತು. ಕೊನೆಗೆ ನಿದ್ದೆ ಹೋದಳು.

ಬೆಳಿಗ್ಗೆ ಕಾಸಿಂ ಸಾಬರು ಒದ್ದೆ ಗೋಣಿ ಹಿಡಿದು ಚೌಕಕ್ಕೆ ಹೊರಟರು. "ತಪ್ಪು ಲೆಕ್ಕಕ್ಕೆ ನಾನ್ಯಾಕಮ್ಮ ಬೀದಿಯಲ್ಲಿ ಬೀಳಲಿ. ಒರೆಸಿ ಬರ್ತೀನಿ. ಬೇಜಾರು ಮಾಡ್ಕೋಬೇಡ ವಾರಿಜಾ."

"ಒರೆಸಿ ಸಾಬರೇ. ನನ್ನದೇನೂ ಇಲ್ಲ" ಎಂದಳು ಅಕ್ಕ.

ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಮದುವೆಯಾದ ಹುಡುಗಿ ಆಗಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು. ಸಾಬರ ಹಿಂದೆ ಅವಳು, ಅವಳ ಹಿಂದೆ ನಾನೂ ಹೋದೆ. ತಡೆಯಲು ಹೋದೆನೋ ನೋಡಲು ಹೋದೆನೋ ಹೇಳಲಾರೆ. ಗೋಡೆಯ ಮುಂದೆ ಊರೇ ನೆರೆದಿತ್ತು. ದೊಡ್ಡ ತರಗತಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ತಾಳೆ ನೋಡುತ್ತಿದ್ದಳು. ನಲವತ್ತಮೂರನ್ನು ಏಳರಿಂದ ಗುಣಿಸಿ, ಎಂಟು ಕೂಡಿಸಿ, ಮುನ್ನೂರ ಒಂಬತ್ತು ಎಂದಳು. ಮತ್ತೊಮ್ಮೆ ಮಾಡಿಸಿದರು. ಮತ್ತೆ ಮುನ್ನೂರ ಒಂಬತ್ತು.

"ಲೆಕ್ಕ ಸರಿಯಾಗಿಯೇ ಇದೆಯಲ್ಲ ಸಾಬರೇ" ಎಂದರು ಪುಟ್ಟಗೌರಮ್ಮ. ಗೋಣಿಗೂ ಗೋಡೆಗೂ ನಡುವೆ ಬಂದು ನಿಂತಿದ್ದರು. ಅವರ ಪಕ್ಕ ನಮ್ಮ ವಠಾರದವರು, ಅವರ ಪಕ್ಕ ಉಳಿದವರು. ಯಾರೂ ಗದರಲಿಲ್ಲ, ಸುಮ್ಮನೆ ನಿಂತಿದ್ದರು. "ಕಣ್ಣೆದುರು ಒಬ್ಬಳು ಸವೆಯೋದನ್ನ ನೋಡೋದು ತಪ್ಪಿತು. ಇಷ್ಟು ದಿನದ ಮೇಲೆ ರಾತ್ರಿ ಕಾಲು ಚಾಚಿ ಮಲಗಿದ್ದೆ." ಮದುವೆಯಾದ ಹುಡುಗಿಯ ಗಂಡನೂ ಆ ಸಾಲಿನಲ್ಲಿದ್ದ. ನೆಲ ನೋಡುತ್ತಿದ್ದ, ಆದರೆ ಸಾಲಿನಲ್ಲಿದ್ದ. ಅವಳು ಅವನನ್ನು ಒಮ್ಮೆ ನೋಡಿ ನಮಗಿಂತ ಮೊದಲೇ ತಿರುಗಿ ನಡೆದಳು.

ಅಲ್ಲಿಂದ ಮುಂದೆ ಗೋಡೆಯ ಮುಂದೆ ಯಾವಾಗಲೂ ಇಬ್ಬರು ಇರುತ್ತಾರೆ, ಬಿಸಿಲಿಗೆ ಕೊಡೆ ಹಿಡಿದುಕೊಂಡು. ವಠಾರಗಳಲ್ಲಿ ಒಬ್ಬರ ಜಾಗ ತೆರವಾದಲ್ಲಿ ಪಾತ್ರೆ ಸ್ಟ್ಯಾಂಡು ಬಂದಿದೆಯಂತೆ, ತೊಟ್ಟಿಲು ಬಂದಿದೆಯಂತೆ. ಏರಿಮನೆಯಲ್ಲಿ ನೀರಿಗೆ ಜಗಳವಾಗುತ್ತದೆ. ಮದುವೆಯಾದ ಹುಡುಗಿ ನಾನು ಬಡಿಸಿದರೆ ತಟ್ಟೆ ಸರಿಸುತ್ತಾಳೆ, ಅಕ್ಕ ಬಡಿಸಿದರೆ ಉಣ್ಣುತ್ತಾಳೆ. ಮೇಷ್ಟ್ರು ಮತ್ತು ಅಕ್ಕ ಒಂದೇ ಸೂರಿನಡಿ ಇದ್ದಾರೆ. ಅವಳಿಗೆ ದಾರದ ಉಂಡೆ ಎತ್ತಿ ಕೊಡುವಾಗ ಅವರು ಈಗ ಕೆಂಪಾಗುವುದಿಲ್ಲ. ಲೆಕ್ಕದ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಅಕ್ಕ ಒಂದೊಂದು ದಿನ ನನ್ನನ್ನು ಚಂಪಿ ಎಂದು ಕರೆಯುತ್ತಾಳೆ, ಒಂದೊಂದು ದಿನ ಕರೆಯುವುದಿಲ್ಲ. ಹೆಸರು ಮಾತ್ರ ಮರೆತಿಲ್ಲ.

ನಿನ್ನೆ ಕಾಸಿಂ ಸಾಬರು ಚೌಕದ ಕಡೆಯಿಂದ ಬಂದು, ಬಹಳ ಹೊತ್ತು ಕಾಲು ತೊಳೆದುಕೊಂಡು, ಒಳಗೆ ಬಂದು ಕೂತರು. ಬರುವ ಭಾಗದ ದಿನದ ಬಗ್ಗೆ ಹಿರಿಯರು ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ಬಂದಿದ್ದರು. ನಲವತ್ಮೂರಕ್ಕೇ ಇಷ್ಟು ಆರಾಮವಾದರೆ ನಲವತ್ತೆರಡಕ್ಕೆ ಹೇಗಿರಬಹುದು ಎಂದು ಯಾರೋ ಕೇಳಿದರಂತೆ. ದೊಡ್ಡ ತರಗತಿಯ ಆ ಹುಡುಗಿಯನ್ನು ಕರೆಸಿ ತಾಳೆ ನೋಡಿಸಿದರಂತೆ. ಶೇಷ ಹದಿನೈದು, ಸರಿಹೋಗುತ್ತದೆಯಂತೆ.

 ಮದುವೆಯಾದ ಹುಡುಗಿ ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದಳು. ಅಕ್ಕ ಹಲ್ಲಿನಿಂದ ದಾರ ಕಡಿದು, ಬಟ್ಟೆಯನ್ನು ಮಿಷನ್ನಿನ ಮೇಲೆ ಮಡಿಸಿಟ್ಟು ಎದ್ದಳು. ಅಡಿಗೆಮನೆಗೂ ಪಡಸಾಲೆಗೂ ನಡುವಿನ ಮಣ್ಣಿನ ಗೋಡೆಯನ್ನು ಅಂಗೈಯಿಂದ ಅಲ್ಲಲ್ಲಿ ತಟ್ಟಿ ನೋಡಿದಳು.

"ಮೇಷ್ಟ್ರೇ, ಹಾರೆ ತನ್ನಿ" ಎಂದಳು. "ಇದನ್ನ ಕೆಡವಿದ್ರೆ ಇನ್ನೂ ಏಳು ಜನ ಮಲಗಬಹುದು."